ಹದಿನಾರು ಇಂಚಿನ ಮೇಲೆ ಎರಡು ನೂಲು

ಕಟಿಂಗ್ ಕೋಣೆಯಿಂದ,
ಮಾರ್ಚ್ ೧೨, ಮಂಗಳವಾರ, ಊಟದ ಬಿಡುವು

ಪ್ರೀತಿಯ ತಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಕಾಲೇಜಿನಲ್ಲಿ ಇನ್ನೂ ನಿಂತೇ ಕಂಪ್ಯೂಟರ್ ಪಾಠ ಮಾಡುತ್ತೀಯೋ, ಕುರ್ಚಿ ಹಾಕಿಸಿಕೊಂಡೆಯೋ? ಮಾತ್ರೆ ತಪ್ಪಿಸಬೇಡ. ಚಿಕ್ಕವನಿದ್ದಾಗ ನಾಲಿಗೆಯ ಕೆಳಗೆ ಬಚ್ಚಿಟ್ಟುಕೊಂಡು ಹಿತ್ತಿಲಲ್ಲಿ ಉಗುಳಿ ಬರುತ್ತಿದ್ದವನು ನೀನು, ನನಗೆ ಗೊತ್ತಿಲ್ಲವೇ. ನಾನು ಗಟ್ಟಿಮುಟ್ಟಾಗಿದ್ದೇನೆ. ಕನ್ನಡಕದ ನಂಬರು ಹೆಚ್ಚಿದೆ, ಕೋಪವೂ ಹೆಚ್ಚಿದೆ. ಕೋಪ ನಿನ್ನ ಮೇಲೆ.

ಹೋದ ವಾರ ಫೋನಿನಲ್ಲಿ ಏನೆಂದೆ? "ಅಕ್ಕಾ, ಪೈಥಾನ್ ಕಲಿತೆ ಅಂತ ಯಾರ ಹತ್ರಾನೂ ಹೇಳ್ಕೋಬೇಡ. ಸಿ ಬರ್ದೇ ಇದ್ರೆ ಅದು ಪ್ರೋಗ್ರಾಮಿಂಗೇ ಅಲ್ಲ." ನಾನು ಬರೆದದ್ದನ್ನು ಕಳಿಸುತ್ತೇನೆ, ಒಂದು ಸಲ ನೋಡು ಎಂದರೆ, ನೋಡುವುದಿಲ್ಲ ಎಂದು ಫೋನಿಟ್ಟೆ. ನಿನ್ನ ಮಾತು ಮುಗಿಯಿತು, ನನ್ನದು ಮುಗಿದಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ಇದು ನನಗೆ ಹೊತ್ತು ಕಳೆಯುವ ಆಟವಲ್ಲ ಎಂಬುದು ನಿನಗೆ ಮೊದಲೇ ಗೊತ್ತಿತ್ತು. ಡಿಸೆಂಬರಿನಲ್ಲಿ ನಮ್ಮ ಕಾರ್ಖಾನೆಯ ಯಜಮಾನರು ಕರೆದು, ಬಟ್ಟೆ ಕತ್ತರಿಸುವ ಹೊಸ ಯಂತ್ರ ಬರುತ್ತಿದೆ, ಅದಕ್ಕೆ ಒಂದೊಂದು ಸೈಜಿನ ಅಳತೆಯನ್ನೂ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಕೊಡಬೇಕು ಎಂದರು. "ಮೂರು ತಿಂಗಳು ಟೈಮು ಕೊಡ್ತೀನಮ್ಮಾ. ಆಗ್ಲಿಲ್ಲ ಅಂದ್ರೆ ಇಸ್ತ್ರಿ ಮೇಜಿಗೆ ಹೋಗ್ಬೇಕಾಗತ್ತೆ." ಇಪ್ಪತ್ತಾರು ವರ್ಷ ಕತ್ತರಿ ಹಿಡಿದ ಕೈ ತಮ್ಮಾ ಇದು. ಬೇರೆ ಯಾರೋ ಕತ್ತರಿಸಿದ ಅಂಗಿಯ ಸುಕ್ಕು ತೆಗೆಯುತ್ತಾ ಕೂರಲೇ? ಮೊದಲು ಕೇಳಿದ್ದು ನಿನ್ನನ್ನೇ. ನಿನ್ನ ಮಾತು ನಂಬಿ ಸಿ ಪುಸ್ತಕ ಹಿಡಿದು ಆರು ವಾರ ಕೂತೆ. ಸಾಲಿನ ಕೊನೆಗೆ ಅರ್ಧವಿರಾಮ ಮರೆತರೆ ಬೈಗುಳ, ಇಟ್ಟ ವಸ್ತುವಿಗೊಂದು ವಿಳಾಸ, ಆ ವಿಳಾಸಕ್ಕೆ ಮತ್ತೊಂದು ವಿಳಾಸ. ತಲೆ ಚಿಟ್ಟು ಹಿಡಿಯಿತೇ ಹೊರತು ಒಂದು ತೋಳಿನ ಅಳತೆಯೂ ಹೊರಗೆ ಬರಲಿಲ್ಲ. ನೀನು ಮಾತ್ರ "ಅಡಿಪಾಯ ಅಕ್ಕಾ, ಅಡಿಪಾಯ" ಎನ್ನುತ್ತಲೇ ಇದ್ದೆ. ನೆತ್ತಿಯ ಮೇಲೆ ಸೂರಿಲ್ಲದವಳಿಗೆ ಅಡಿಪಾಯದ ಪುರಾಣ!

ಆಮೇಲೆ ಯಂತ್ರ ಜೋಡಿಸಲು ಬಂದ ಮೆಕ್ಯಾನಿಕ್ಕು ಒಂದೇ ಮಾತು ಕೇಳಿದ. "ನಿಮ್ಗೆ ಯಾವ ಕೆಲ್ಸ ಆಗ್ಬೇಕು ಅಮ್ಮಾ? ಆ ಕೆಲ್ಸ ಬೇಗ ಮಾಡ್ಕೊಡೋ ಭಾಷೆ ಕಲೀರಿ." ಓದಿದ ನಿನಗೆ ಹೊಳೆಯದ ಪ್ರಶ್ನೆ, ಸ್ಕ್ರೂಡ್ರೈವರ್ ಹಿಡಿದವನಿಗೆ ಹೊಳೆಯಿತು ನೋಡು. ಅವತ್ತೇ ಪೈಥಾನ್ ಶುರು ಮಾಡಿದೆ. ಮೂರನೇ ದಿನಕ್ಕೆ ಒಂದು ಕಫ್ಫಿನ ಅಳತೆ ಕೊಟ್ಟರೆ ಐದು ಸೈಜಿನದು ಸಾಲಾಗಿ ಬಂತು. ಒಬ್ಬಳೇ ಕೂತು ನಕ್ಕೆ.

ನಿನ್ನಂಥ ಮೇಷ್ಟ್ರು ನನಗೆ ಹೊಸಬರೇನಲ್ಲ. ಹೊಲಿಗೆ ಕಲಿಯಲು ಹೋದಾಗ ಹಳೇ ಟೇಲರು ಒಂದು ವರ್ಷ ಬರೀ ಗುಂಡಿಯ ಕಾಜ ಹೊಲಿಸಿದರು. ಅಡಿಪಾಯವಂತೆ! ಅವರ ಬಳಿ ಕಾಜದ ಕೆಲಸ ಗುಡ್ಡೆ ಬಿದ್ದಿತ್ತು, ಅಷ್ಟೇ. ನನ್ನ ಜೊತೆ ಸೇರಿದ ನಾಲ್ವರಲ್ಲಿ ಮೂವರು ಬಿಟ್ಟು ಹೋದರು. ಇವತ್ತು ನನ್ನ ಬಳಿ ಹೊಸಬರು ಬಂದರೆ ಮೊದಲ ದಿನವೇ ದಿಂಬಿನ ಚೀಲ ಹೊಲಿಸಿ ಕಳಿಸುತ್ತೇನೆ. ಹೊಲಿಗೆ ಸೊಟ್ಟಗಿರುತ್ತದೆ, ಇರಲಿ. ಸಂಜೆ ಮನೆಗೆ ಒಯ್ಯಲು ಏನೋ ಒಂದು ಕೈಯಲ್ಲಿರುತ್ತದೆ, ಮರುದಿನ ಮತ್ತೆ ಬರುತ್ತಾರೆ. ಕಾಜ ಆಮೇಲೆ ತಾವಾಗಿಯೇ ಕೇಳಿ ಕಲಿಯುತ್ತಾರೆ.

ಹಾಗಂತ ನಾನು ಎಡವಲಿಲ್ಲವೆಂದಲ್ಲ. ಪರೀಕ್ಷೆಯ ದಿನ ಯಜಮಾನರ ಎದುರಿಗೇ ಮುಖಭಂಗವಾಯಿತು. ಕಂಪ್ಯೂಟರು ಕೊಟ್ಟ ಅಳತೆ ನೋಡಿ ಕೈಯಲ್ಲೇ ಕತ್ತರಿಸಿದೆ. ಮೊದಲೆರಡು ಸೈಜಿನ ಕಾಲರು ಸರಿಯಾಗಿ ಕೂತವು, ಮೂರನೆಯದು ಕುತ್ತಿಗೆಗೆ ಸಾಲಲೇ ಇಲ್ಲ. ಅವರು ಇಸ್ತ್ರಿ ಮೇಜಿನ ಕಡೆ ನೋಡಿದರು. ನನಗೆ ರೋಷ ಬಂತು. "ಮಧ್ಯಾಹ್ನದ ತನಕ ಇರಿ" ಎಂದು ಟೇಪು ಹಿಡಿದು ಕೂತೆ. ಕಾಲರು ಸರಿಯಾಗಿ ಎರಡು ನೂಲು ಗಿಡ್ಡ. ಆಗ ಗೊತ್ತಾಯಿತು. ನಮ್ಮಲ್ಲಿ ಇಂಚಿಗೆ ಎಂಟು ನೂಲು. ಹದಿನೈದು ಇಂಚು ಆರು ನೂಲನ್ನು ನಾವು ಪುಸ್ತಕದಲ್ಲಿ ಹದಿನೈದು, ಚುಕ್ಕೆ, ಆರು ಎಂದು ಬರೆಯುತ್ತೇವೆ. ಕಂಪ್ಯೂಟರಿಗೂ ಹಾಗೆಯೇ ತುಂಬಿದ್ದೆ. ಮುಂದಿನ ಸೈಜಿಗೆಂದು ಅದಕ್ಕೆ ನಾಲ್ಕು ನೂಲು ಸೇರಿಸಿದರೆ ಹದಿನಾರು ಇಂಚು ಎರಡು ನೂಲು ಆಗಬೇಕು. ಇಂಚಿಗೆ ಹತ್ತು ನೂಲೆಂದು ತಿಳಿದ ಕಂಪ್ಯೂಟರು ಬರೀ ಹದಿನಾರು ಎಂದಿತು. ಎಲ್ಲವನ್ನೂ ಮೊದಲು ನೂಲು ಮಾಡಿ, ಕೂಡಿಸಿ, ಮತ್ತೆ ಇಂಚು ಮಾಡುವಂತೆ ತಿದ್ದಿದೆ. ಮೂರು ಗಂಟೆಗೆ ಐದೂ ಕಾಲರು ಐದು ಕುತ್ತಿಗೆಗೆ ಕೂತವು. ಯಜಮಾನರು ಒಂದನ್ನು ತಾವೇ ಹಾಕಿಕೊಂಡು ನೋಡಿದರು. ಕತ್ತರಿ ಮೇಜು ನನಗೇ ಉಳಿಯಿತು.

ಈಗ ಹೇಳು, ನಿನ್ನ ಸಿ ಆಗಿದ್ದರೆ ಹದಿನಾರರ ಮೇಲಿನ ಎರಡು ನೂಲು ಅದಕ್ಕೆ ಗೊತ್ತಿರುತ್ತಿತ್ತೇ? ಅದೂ ಅದೇ ತಪ್ಪು ಮಾಡುತ್ತಿತ್ತು, ಅರ್ಧವಿರಾಮ ಬಿಟ್ಟೆ ಎಂದು ಜೊತೆಗೆ ನಾಲ್ಕು ಬೈಯುತ್ತಿತ್ತು. ತಪ್ಪು ಹಿಡಿದದ್ದು ನನ್ನ ಟೇಪು, ನನ್ನ ಇಪ್ಪತ್ತಾರು ವರ್ಷ. ನೀನು ಅಡಿಪಾಯ ಎನ್ನುವುದು ನನ್ನ ಬಳಿ ಮೊದಲೇ ಇತ್ತು ಕಣೋ. ಸಿ ಬೇಕಾದ ದಿನ ಸಿ ಕಲಿಯುತ್ತೇನೆ. ನಿನ್ನ ಹಟಕ್ಕಂತೂ ಕಲಿಯುವುದಿಲ್ಲ.

ಸಿಟ್ಟು ಇಳಿಯಿತು. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಎಷ್ಟು ಬೈದರೂ ನೀನು ನನ್ನ ಸೊಂಟದ ಮೇಲೆ ಕೂತು ಬೆಳೆದವನು, ಚೆನ್ನಾಗಿರು.

ಇಂತಿ, ಜಗ್ಗದ
ನಿನ್ನ ಅಕ್ಕ

ತಾ.ಕ.: ಬೆಲ್ಲು ಹೊಡೆಯಿತು, ಬೇಗ ಬರೆಯುತ್ತೇನೆ. ಯಜಮಾನರು ನನ್ನ ಬಳಿ ಕಲಿಯಲು ಇಬ್ಬರನ್ನು ಕಳಿಸಿದ್ದಾರೆ. ಮೂರನೆಯವಳು ನಿನ್ನ ಹೆಂಡತಿ. ನೀನು ಕಾಲೇಜಿಗೆ ಹೋದ ಮೇಲೆ ದಿನಾ ಫೋನು ಮಾಡುತ್ತಾಳೆ. ಮದುವೆಯಾದ ಹೊಸದರಲ್ಲಿ ಅವಳಿಗೆ ಸಿ ಹೇಳಿಕೊಡಲು ಕೂತು, ಹತ್ತನೇ ದಿನಕ್ಕೆ "ಇದು ನಿನ್ನ ತಲೆಗೆ ಹತ್ತೋದಲ್ಲ, ಬಿಡು" ಎಂದು ಪುಸ್ತಕ ಮುಚ್ಚಿದೆಯಂತೆ. ಹದಿನಾಲ್ಕು ವರ್ಷ ಅವಳು ಅದನ್ನೇ ನಂಬಿಕೊಂಡಿದ್ದಳು. ನಿನ್ನೆ ಅವಳ ಮೊದಲ ಪ್ರೋಗ್ರಾಂ ಓಡಿತು. "ಅತ್ತಿಗೇ, ಓಡ್ತು, ಓಡ್ತು" ಎಂದು ಅತ್ತಳು. ನಿನಗೆ ಹೇಳಲು ಅವಳಿಗೆ ಹೆದರಿಕೆ, ನನಗಿಲ್ಲ. ಕಾಗದ ಓದಿದೊಡನೆ ಹೋಗಿ, "ತೋರ್ಸು" ಎನ್ನು. ಯಾವ ಭಾಷೆ ಎಂದು ಕೇಳಿದೆಯೋ, ಮುಂದಿನ ಬಸ್ಸಿಗೆ ನಾನೇ ಬರುತ್ತೇನೆ.