ಅವ್ವನ ತಟ್ಟೆಯಲ್ಲಿ ನಾಲ್ಕು ತುತ್ತು

ನಯನಾ,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆಯಲು ಪೆನ್ನು ಊರಿದೆ, ಕೈ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಕಣೇ. ಫೋನ್ ಮಾಡಿದರೆ ನಾನು ಕೂಗಾಡುತ್ತೇನೆ, ನೀನು ಅತ್ತುಬಿಡುತ್ತೀಯ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಈ ಕಾಗದ. ಹೇಗೂ ರಜೆ ಹಾಕಿ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದೀಯ, ಕೂತು ಪೂರ್ತಿ ಓದು. ಕೊನೆಯಲ್ಲಿ ಅವ್ವ ಹೇಳಿಕಳಿಸಿದ ಒಂದು ಮಾತಿದೆ. ಅದಕ್ಕೆ ನೀನು ಉತ್ತರ ಕೊಡಲೇಬೇಕು.

ದಸರಾ ರಜೆಯಲ್ಲಿ ನೀನು ಮೈಸೂರಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬಂದೆ. ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದಿದ್ದರಂತೆ. ಸ್ಕೂಲಿನಲ್ಲಿ ನಮಗೆಲ್ಲ ಹೇಳಿದ್ದು ಪಿತ್ತಕೋಶದ ಕಲ್ಲು ಅಂತ. ಮಿಕ್ಕವರಿಗೆ ಹೇಳಿದ್ದು ಹಾಗಿರಲಿ, ಹನ್ನೆರಡು ವರ್ಷ ಸ್ಟಾಫ್ ರೂಮಿನ ಒಂದೇ ಬೆಂಚಿನಲ್ಲಿ ಕೂತು ಉಂಡ ನನಗೂ ಅದೇ ಕಲ್ಲಿನ ಕಥೆ. ಕಲ್ಲು ಮತ್ತೆ ಕೂಡದಿರಲಿ ಅಂತ ಬೆಳಗ್ಗೆ ಎದ್ದು ಬಾಳೆದಿಂಡಿನ ಪಲ್ಯ ಮಾಡಿಕೊಂಡು ಬಂದೆನಲ್ಲ, ಆಗಲಾದರೂ ಬಾಯಿ ಬಿಡಬಾರದಿತ್ತೇ? ನೀನು ಅರ್ಧ ಚಮಚ ತಿಂದು ಚೆನ್ನಾಗಿದೆ ಅಂದೆ. ಆಮೇಲೆ ದಿನವೂ ನಿನ್ನ ಪಾಲನ್ನು ಬೇರೆ ಡಬ್ಬಿಗೆ ಹಾಕಿಕೊಂಡು, ಬಿಡುವಿನ ಪೀರಿಯಡಿನಲ್ಲಿ ಉಣ್ಣುತ್ತೇನೆ ಅಂದೆ. ನಾನೂ ನಂಬಿದೆ, ದಡ್ಡಿ.

ನೀನು ಎಂಥ ಊಟಗಾರ್ತಿ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ನನ್ನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ನಿನ್ನ ಕೈ ಅಲ್ಲಿರುತ್ತಿತ್ತು. ನಿನ್ನ ಮನೆಯ ಚಪಾತಿ ನನ್ನ ಕಡೆ ತಳ್ಳಿ, ನಮ್ಮ ಮನೆಯ ಉಪ್ಸಾರಿನ ಖಾರವನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದೆ. ಮನೆಗೆ ಹೋಗಿ ಹೇಳಿದರೆ ಅವ್ವ ಹಿಗ್ಗುತ್ತಿದ್ದಳು, ಮಾರನೆಯ ದಿನ ಡಬ್ಬಿಯನ್ನು ಇನ್ನಷ್ಟು ಒತ್ತಿ ತುಂಬುತ್ತಿದ್ದಳು. ಹೀಗೆ ಹನ್ನೆರಡು ವರ್ಷ ಡಬ್ಬಿಯಲ್ಲೇ ನಿನಗೆ ಉಣಿಸಿದ ನಮ್ಮವ್ವ ಗೋವಿಂದಮ್ಮ ನಿನ್ನನ್ನು ಕಣ್ಣಲ್ಲಿ ಕಂಡದ್ದು ಮೊನ್ನೆ ಡಿಸೆಂಬರಿನಲ್ಲಿ, ನರಸೀಪುರದ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ.

ಧನುರ್ಮಾಸದಲ್ಲಿ ಯಾರು ಗೃಹಪ್ರವೇಶ ಮಾಡುತ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ಗುಸುಗುಸು ಎದ್ದಾಗ, ಬುದ್ಧ ವಂದನೆ ಮಾಡಿ ಮನೆ ಸೇರುವವರಿಗೆ ಯಾವ ಮಾಸವಾದರೇನು ಅಂತ ನನ್ನ ಪರವಾಗಿ ಜಗಳಕ್ಕೆ ನಿಂತವಳು ನೀನೇ. ಅದನ್ನು ನಾನು ಮನೆಯಲ್ಲಿ ಹೇಳಿದ್ದಕ್ಕೇ ಅವ್ವ ನಿನ್ನ ದಾರಿ ಕಾಯುತ್ತಿದ್ದಳು. ನೀನು ಮಾಂಸ ಮುಟ್ಟದವಳೆಂದು ಪೇಟೆಗೆ ಹೋಗಿ ಹೊಸ ಪಾತ್ರೆ ತಂದಳು. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ನೋಯುವ ತನಕ ಕೂತು ಹಿತುಕಿ ಬೇಳೆ ಮಾಡಿದಳು. ನಾನು ಸಹಾಯಕ್ಕೆ ಹೋದರೆ, ನೀನು ಬಂದೋರನ್ನ ನೋಡ್ಕೋ, ಇದು ನಂದು ಅಂತ ಕೈ ತಳ್ಳಿದಳು.

ನೀನು ಬಂದೆ. ಅವ್ವ ಚೊಂಬಿನಲ್ಲಿ ನೀರು ತಂದುಕೊಟ್ಟರೆ ಬೇಡವೆಂದು ಬ್ಯಾಗಿನಿಂದ ನಿನ್ನ ಬಾಟಲಿ ತೆಗೆದೆ.

ನಯನಾ, ನಾವು ದಲಿತರು, ನೀವು ಲಿಂಗಾಯತರು. ಇಷ್ಟು ವರ್ಷ ಈ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿದವರಲ್ಲ. ಇವತ್ತು ಆಡುತ್ತೇನೆ. ನಮ್ಮ ಮನೆಗಳಲ್ಲಿ ಆ ಬಾಟಲಿಗೆ ಒಂದೇ ಅರ್ಥ. ಮೇಲಿನ ಬೀದಿಯವರು ನಮ್ಮ ಮದುವೆಗಳಿಗೆ ಬರುತ್ತಾರೆ, ನಗುತ್ತಾರೆ, ಮುಯ್ಯಿ ಕೊಡುತ್ತಾರೆ. ಊಟ ಮಾತ್ರ ಬೇಡ. ಸಿಪ್ಪೆ ಇರುವ ಬಾಳೆಹಣ್ಣು, ಮುಚ್ಚಳ ತೆಗೆಯದ ಸೋಡಾ, ಹೀಗೆ ನಮ್ಮ ಕೈ ತಾಗದ್ದು ಏನಿದೆಯೋ ಅಷ್ಟೇ ಸಾಕು. ನನ್ನ ಮದುವೆಯಲ್ಲಿ ಅಪ್ಪ ದೇವಯ್ಯ ತನ್ನ ಆಫೀಸಿನವರಿಗೆಂದು ಒಂದು ಸಾಲು ಎಲೆ ಹಾಕಿಸಿ ಕಾದಿದ್ದ. ಅವರು ಒಂದೊಂದು ಬಾಳೆಹಣ್ಣು ತೆಗೆದುಕೊಂಡು ಕೈಮುಗಿದು ಹೊರಟುಹೋದರು. ಅಪ್ಪ ಸಾಯುವವರೆಗೂ ಆ ಸಾಲಿನ ಸುದ್ದಿ ಎತ್ತಲಿಲ್ಲ. ಅವ್ವ ಮರೆಯಲಿಲ್ಲ.

ಆದರೂ ಅವ್ವ ನಿನಗೆ ಬಡಿಸಿದಳು. ನೀನು ಬ್ಯಾಗಿನಿಂದ ಮಕ್ಕಳಿಗೆ ಉಣಿಸುವಂಥ ಪುಟ್ಟ ಚಮಚ ತೆಗೆದೆ. ಬೇಳೆಯನ್ನು ಒಂದೊಂದೇ ಎತ್ತಿದೆ. ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು ಬಾಯಿಗಿಟ್ಟು ಅಗಿದೆ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದವಳು ಮುದ್ದೆ ಅಗಿಯುವುದೇ? ನಮ್ಮ ಕಡೆ ಎಳೆ ಮಕ್ಕಳೂ ನುಂಗುತ್ತವೆ. ನೀನು ಅಗಿದೆ, ಅಗಿದೆ, ಅಗಿಯುತ್ತಲೇ ಇದ್ದೆ. ಸಾಲಿನಲ್ಲಿ ಕೂತಿದ್ದ ನಮ್ಮ ನೆಂಟರೆಲ್ಲ ಉಣ್ಣುವುದನ್ನು ಬಿಟ್ಟು ನಿನ್ನ ಬಾಯನ್ನೇ ನೋಡುತ್ತಿದ್ದರು. ಸೌಟು ಹಿಡಿದು ನಿನ್ನ ಮುಂದೆ ನಿಂತ ಅವ್ವನ ಮುಖ ನೋಡಲಾಗದೆ ನಾನು ಒಳಗೆ ಹೋಗಿ ಸುಮ್ಮನೆ ಒಲೆ ಒರೆಸಿದೆ. ಸಾಕು ಅಮ್ಮ ಎಂಬ ನಿನ್ನ ದನಿ ಒಳಗೂ ಕೇಳಿಸಿತು. ಅವ್ವ ಕೇಳಿದಳು:

“ಯಾಕವ್ವಾ, ನಮ್ಮನೆ ಊಟ ಸೇರ್ಲಿಲ್ವಾ?”

ನಾನು ಓಡಿಬಂದೆ. ನೀನು ಅವ್ವನನ್ನು ನೋಡಿದೆ, ಸಾಲಿನವರನ್ನು ನೋಡಿದೆ, ಚಮಚ ಪಕ್ಕಕ್ಕಿಟ್ಟು ಗಬಗಬ ತಿನ್ನತೊಡಗಿದೆ. ಮುದ್ದೆ ಮುಗಿಸಿದೆ, ಒಬ್ಬಟ್ಟನ್ನೂ ಬಾಯಿಗೆ ತುರುಕಿಕೊಂಡೆ. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ನನಗೆ ಒಂದು ಗಳಿಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ನೀನು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದೆ. ನೀನು ವಾಂತಿ ಮಾಡುವ ಸದ್ದು ಮನೆಗೆಲ್ಲ ಕೇಳಿಸಿತು. ಮುಖ ತೊಳೆದು ಬಂದವಳು ಬಸ್ಸಿಗೆ ಹೊತ್ತಾಯಿತು ಅಂದು ಹೊರಟೇಹೋದೆ.

ಬಚ್ಚಲನ್ನು ಅವ್ವನೇ ತೊಳೆದಳು. ನನ್ನನ್ನು ಹತ್ತಿರ ಬಿಡಲಿಲ್ಲ. ಹೊಸ ಮನೆಯ ಬಚ್ಚಲಿಗೆ ಬಿದ್ದ ಮೊದಲ ಕೊಳೆ ಅದು. ಪೊರಕೆ ಮೂಲೆಗಿಟ್ಟು ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ, “ನಮ್ಮನೆ ಅನ್ನ ಅವ್ರ ಒಟ್ಟೇಲಿ ನಿಲ್ಲಲ್ಲ ಕಣವ್ವ, ಬುಡು” ಅಂದಳು. ಅಷ್ಟೇ. ಆಮೇಲೆ ನಿನ್ನ ಹೆಸರೆತ್ತಲಿಲ್ಲ. ಡಬ್ಬಿಗೆ ಒಬ್ಬರಿಗಾಗುವಷ್ಟೇ ತುಂಬತೊಡಗಿದಳು.

ನಾನು ಆ ಡಬ್ಬಿಯನ್ನು ಲ್ಯಾಬಿಗೆ ಒಯ್ದು ಉಂಡೆ. ನೀನು ಒಂದು ದಿನ ಬಾಗಿಲಿಗೆ ಬಂದು ನಿಂತೆ. ನಾನು ಮಕ್ಕಳ ಉತ್ತರಪತ್ರಿಕೆಯಲ್ಲಿ ಮುಖ ಹುದುಗಿಸಿದೆ. ನಾನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಇಷ್ಟು ವರ್ಷದ ಗೆಳತಿ ಅಷ್ಟು ಬೇಗ ಹೇಗೆ ನಂಬಿಬಿಟ್ಟಳು ಅಂತ ನಿನಗೆ ನೋವಾಗಿರಬಹುದು. ನಂಬುವುದು ನಮಗೆ ರೂಢಿಯಾಗಿದೆ ನಯನಾ. ಸ್ಕೂಲಿನಲ್ಲಿ ಒಟ್ಟಿಗೆ ಉಂಡವರು ಮನೆಗೆ ಬಂದಾಗ ಬೇರೆಯವರಾಗುವುದನ್ನು ಬೇಕಾದಷ್ಟು ಕಂಡಿದ್ದೇವೆ.

ಸಂಕ್ರಾಂತಿಯ ಮಾರನೆಯ ದಿನ ಸ್ಟಾಫ್ ರೂಮಿಗೆ ನಾನು ಎಳ್ಳುಬೆಲ್ಲದ ಡಬ್ಬಿ ತಂದದ್ದು ಬೇಕೆಂದೇ. ಎಲ್ಲರಿಗೂ ಕೊಟ್ಟು ನಿನ್ನ ಮುಂದೆ ಬಂದು ನಿಂತೆ. ಹುಂಜದ ಆಕಾರದ ದೊಡ್ಡ ಸಕ್ಕರೆ ಅಚ್ಚನ್ನು ಆರಿಸಿ ನಿನ್ನ ಅಂಗೈಯಲ್ಲಿಟ್ಟು, ಅಲ್ಲಿಂದ ಕದಲಲಿಲ್ಲ. ಚೀಲಕ್ಕೆ ಹಾಕಿಕೊಂಡರೆ ಎಲ್ಲರೆದುರಿಗೂ ಕೇಳಿಬಿಡುತ್ತೇನೆ ಅಂತ ಮಾತು ಜೋಡಿಸಿಟ್ಟುಕೊಂಡಿದ್ದೆ. ನನ್ನ ಕಣ್ಣು ಹಾಗಿತ್ತೇನೋ. ನೀನು ಅದನ್ನು ಕಚ್ಚಿದೆ. ಕಟಕಟ ಅಗಿದು ಪೂರ್ತಿ ತಿಂದೆ. ಮೇಲೆ ಒಂದು ಹಿಡಿ ಎಳ್ಳುಬೆಲ್ಲವನ್ನೂ ನೀನೇ ಬಾಚಿ ತಿಂದೆ. ಸ್ವಲ್ಪ ಹೊತ್ತಿಗೆಲ್ಲ ನಿನ್ನ ರವಿಕೆ ಬೆವರಿನಲ್ಲಿ ತೊಯ್ದುಹೋಯಿತು, ಎದೆ ಹೊಡ್ಕೊಳ್ತಿದೆ ಕಣೇ ಅಂದೆ, ಕುರ್ಚಿಯಿಂದ ಜಾರಿ ಕೆಳಗೆ ಬಿದ್ದೆ. ನನ್ನ ಕೈಯಾರೆ ನಿನ್ನನ್ನು ಕೊಂದೆ ಅಂದುಕೊಂಡೆ.

ಆಟೋದಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಯಾವುದಾದರೂ ಆಪರೇಷನ್ ಆಗಿದೆಯಾ ಅಂತ ಕೇಳಿದರು. ಪಿತ್ತಕೋಶ ಅಂತ ನಾನು ಹೇಳಿದೆ. ನೀನು ಕಣ್ಣು ಮುಚ್ಚಿಕೊಂಡು ಅಲ್ಲ ಅಂದೆ. ಆಮೇಲೆ ಅವರು ನನಗೆ ವಿವರಿಸುತ್ತಾ ಹೋದರು. ಸಕ್ಕರೆ ಸರ್ರನೆ ಕರುಳಿಗೆ ಇಳಿದರೆ ಹೀಗಾಗುತ್ತದೆ, ಕಾಯಿಸಿ ಆರಿಸಿದ ನೀರನ್ನೇ ಗುಟುಕು ಗುಟುಕಾಗಿ ಕುಡಿಯಬೇಕು, ಊಟದ ಜೊತೆ ಕುಡಿಯಬಾರದು, ಏನನ್ನೇ ಆಗಲಿ ಅಗಿದು ಅಗಿದು ನುಂಗಬೇಕು, ಹಿಡಿ ಮೀರಿದರೆ ವಾಂತಿ. ಅವರು ಒಂದೊಂದೇ ಹೇಳುತ್ತಿದ್ದಂತೆ ನನಗೆ ನಮ್ಮ ಮನೆಯ ಊಟದ ಸಾಲು, ಆ ಬಾಟಲಿ, ಆ ಚಮಚ, ಅವ್ವ ತೊಳೆದ ಬಚ್ಚಲು ಕಂಡವು. ನಿನ್ನ ಗಂಡ ಬಸವಪ್ರಸಾದ್ ಓಡಿಬಂದವರು, ಇವರಿಗೂ ಹೇಳಿರಲಿಲ್ವಾ ಅಂತ ನಿನ್ನನ್ನೇ ಗದರಿದರು.

ಯಾಕೆ ಮುಚ್ಚಿಟ್ಟೆ ಅಂತ ಕೇಳಿದ್ದಕ್ಕೆ ನೀನು ಹೇಳಿದ್ದು ನನ್ನ ತಲೆಯಲ್ಲಿ ಇನ್ನೂ ಸುತ್ತುತ್ತಿದೆ. “ಬಾಯಿ ಕಟ್ಟಕ್ಕಾಗದೆ ಹೊಟ್ಟೆ ಕುಯ್ಸಿಕೊಂಡಳು ಅಂತ ನಗ್ತಾರೆ ಕಣೇ.”

ಇದೇ ನನ್ನ ಸಿಟ್ಟು. ನಗಲಿ ಬಿಡೇ! ನಾನೂ ಒಂದು ದಿನ ನಗುತ್ತಿದ್ದೆ, ಮಾರನೆಯ ದಿನ ನಿನ್ನ ಅಳತೆಯ ಡಬ್ಬಿ ತರುತ್ತಿದ್ದೆ. ಮೆಟ್ಟಿಲು ಹತ್ತಿದರೆ ನಿನಗೆ ಏದುಸಿರು ಬರುತ್ತಿದ್ದದ್ದನ್ನು ನೋಡಿ ಭಯಪಟ್ಟವಳು ನಾನು. ಜೀವ ಉಳಿಸಿಕೊಳ್ಳಲು ಮಾಡಿಸಿಕೊಂಡದ್ದಕ್ಕೆ ನಾಚಿಕೆ ಏನು? ನಿನ್ನನ್ನು ನೋಡಿ ಯಾರೋ ನಗಬಾರದು ಅಂತ, ನಮ್ಮವ್ವ ತನ್ನ ಮನೆಯಲ್ಲೇ, ತನ್ನ ನೆಂಟರೆದುರಿಗೆ ತಲೆ ತಗ್ಗಿಸಿದಳು. ಆಗ ಅವಳ ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಮ್ಮ, ನನಗೆ ಆಪರೇಷನ್ ಆಗಿದೆ ಅಂತ. ನಿನಗೆ ಆ ಕ್ಷಣಕ್ಕೆ ಹೊಳೆಯಲೂ ಇಲ್ಲ. ಬಾಟಲಿಯ ಅರ್ಥ ನಿನಗೆ ಗೊತ್ತಿರಲಿಲ್ಲ ಅಂತ ನಂಬುತ್ತೇನೆ. ಗೊತ್ತಿರಬೇಕಾದ ಅಗತ್ಯವೇ ನಿನಗೆ ಬಿದ್ದಿರಲಿಲ್ಲ ಎನ್ನುವುದಕ್ಕೂ ಸಿಟ್ಟು ಬರುತ್ತದೆ. ಆ ಸಕ್ಕರೆ ಅಚ್ಚನ್ನು ನಿನ್ನ ಕೈಗಿಟ್ಟು ಕಾವಲು ನಿಂತ ನನ್ನ ಮೇಲೂ ಅಷ್ಟೇ ಸಿಟ್ಟಿದೆ, ಅದು ಬೇರೆ.

ಅವ್ವನಿಗೆ ಎಲ್ಲ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. ನೀನು ಈಗ ಎಷ್ಟು ಉಣ್ಣಬಹುದು ಅಂತ ಕೇಳಿದಳು. ನಿಧಾನಕ್ಕೆ ಉಂಡರೆ ನಾಲ್ಕು ತುತ್ತು ಅಂದೆ. ಆಗ ಹೇಳಿದಳು.

“ಡಾಕುಟ್ರು ಯೋಳುದ್ದು ನಿಂಗೆ ಸಾಕು. ನಂಗೆ ಸಾಲ್ದು. ನಾಕು ತುತ್ತು ಇಡೀತದೆ ಅಂದ್ಯಲ್ಲ, ಬಂದು ನನ್ ತಟ್ಟೇಲಿ ನನ್ ಜೊತೆ ಉಣ್ಲಿ. ಆಗ ನಂಬ್ತೀನಿ.”

ನಾನು ರೇಗಿದೆ. ಕಾಯಿಲೆಯಿಂದ ಎದ್ದವಳಿಗೆ ಇದೆಂಥ ಪರೀಕ್ಷೆ, ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಉಣ್ಣುವುದು ನಮ್ಮ ಮನೆಯಲ್ಲೇ ಇಲ್ಲ ಅಂದೆ. ಅವ್ವ ಸಿಪ್ಪೆ ಬಾಚಿಕೊಂಡು ಎದ್ದುಹೋದಳು. ಬಾಗಿಲ ಹತ್ತಿರ ತಿರುಗಿ, ಬಲವಂತ ಏನಿಲ್ಲ, ನೀನು ಬರೆದು ಕೇಳು ಅಂದಳು.

ಕೇಳಿದ್ದೇನೆ. ನೀನು ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಹನ್ನೆರಡು ವರ್ಷ ಡಬ್ಬಿ ಹಂಚಿಕೊಂಡವಳ ಬಗ್ಗೆ ಹೀಗೆ ಬರೆಯಬೇಕಾಯಿತಲ್ಲ ಅಂತ ಸಂಕಟವಾಗುತ್ತದೆ. ಆದರೆ ಈ ಸಲ ಬರದಿದ್ದರೆ ತಪ್ಪನ್ನು ಹೊಟ್ಟೆಯ ಮೇಲೆ ಹಾಕಬೇಡ. ನಾಲ್ಕು ತುತ್ತಿಗೆ ಅಲ್ಲಿ ಜಾಗವಿದೆ.

ಬರುವುದಾದರೆ ಭಾನುವಾರ ಬಾ. ಬಾಟಲಿ ತರಬೇಡ. ನೀರು ಕಾಯಿಸಿ ಆರಿಸಿಟ್ಟಿರುತ್ತೇನೆ, ಊಟವಾಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿ. ಚಮಚ ಬೇಕಾದರೆ ತಾ. ಒಬ್ಬಟ್ಟು ಮಾಡುವುದಿಲ್ಲ, ಬೇಳೆಯನ್ನು ಬೆಣ್ಣೆಯಂತೆ ಬೇಯಿಸುತ್ತೇವೆ. ಮುದ್ದೆ ಅಗಿದರೂ ಯಾರೂ ನಗುವುದಿಲ್ಲ. ಅವ್ವನಿಗೆ ಹಲ್ಲು ಹೋಗಿವೆ, ಹೊಟ್ಟೆಯೂ ಸಣ್ಣದಾಗಿದೆ. ಎರಡು ತುತ್ತಿನ ನಡುವೆ ಒಂದು ಊರಿನ ಕಥೆ ಹೇಳಿ ಮುಗಿಸುತ್ತಾಳೆ. ಅವಳ ಜೊತೆ ಉಣ್ಣಲು ಕೂತರೆ ನನಗೆ ತಾಳ್ಮೆ ಕೆಡುತ್ತದೆ, ನಿನಗೆ ಈಗ ಅದೇ ಸರಿಯಾದ ವೇಗ. ರಜೆ ಮುಗಿಸಿ ನೀನು ಬರುವ ಸೋಮವಾರ ಲ್ಯಾಬಿನಿಂದ ನನ್ನ ಡಬ್ಬಿಯೂ ಬೆಂಚಿಗೆ ಬರುತ್ತದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ನಿನಗೆ ಸಿಹಿ ಒತ್ತಾಯ ಮಾಡಿದರೆ ಕಿತ್ತುಕೊಂಡು ನಾನು ತಿನ್ನುತ್ತೇನೆ. ನೀನು ನನ್ನ ಡಬ್ಬಿ ಖಾಲಿ ಮಾಡಿದ ಬಾಕಿ ಇನ್ನೂ ಇದೆ.

ನಾಲ್ಕನೆಯ ತುತ್ತಾದ ಮೇಲೆ ಸಾಕು ಅಮ್ಮ ಅನ್ನು. ಆ ತಟ್ಟೆಯಲ್ಲಿ ಕೈಯಿಟ್ಟು ಸಾಕು ಅಂದರೆ ಅವ್ವ ನಂಬುತ್ತಾಳೆ.

ಉಂಡದ್ದು ನಿನ್ನ ಮೈಗೆ ದಕ್ಕಲಿ.

ಬಾಗಿಲು ತೆಗೆದಿಟ್ಟು ಕಾಯುವ,
ಇಂದ್ರಾಣಿ