ನಿನ್ನ ಬಂದೂಕು ಕೊಟ್ಟು ತಂದದ್ದು

ಲೇ ದೋಸ್ತ ದಸ್ತಗೀರ,

ಹುನಗುಂದದ ದೇಸಾಯರ ವಾಡೆಯಲ್ಲಿ ಆ ಬಂದೂಕನ್ನು ಮೊದಲ ಸಲ ಕಂಡದ್ದು ನೆನಪಿದೆಯೇನು? ಬೆಲ್ಜಿಯಂನಲ್ಲಿ ಮಾಡಿದ ಹಳೇ ಒಂಟಿ ನಳಿಗೆಯ ಟ್ರ್ಯಾಪ್ ಬಂದೂಕು. ಬೇಟೆಗಲ್ಲ, ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆ ಹೊಡೆಯುವ ಆಟಕ್ಕೆಂದೇ ಮಾಡಿದ್ದು. ಕೈಯಲ್ಲಿದ್ದ ಚಹಾ ಮರೆತು ನಿಂತುಬಿಟ್ಟೆ ನೀನು. "ಇಂಥಾದ್ದು ಈ ಕಡೆ ಇನ್ನೊಂದು ಸಿಗಂಗಿಲ್ಲಲೇ" ಅಂದೆ. ದೇಸಾಯರು "ಮಾರೂದಿಲ್ರಿ" ಅಂದರು. ಆಮೇಲೆ ಎಷ್ಟು ವರ್ಷ, ಏನೇನು ನೆಪ ಹೇಳಿಕೊಂಡು ಇಬ್ಬರೂ ಆ ವಾಡೆಗೆ ಎಡತಾಕಿದೆವು! ನೀನು ಕಣ್ಣು ಮುಚ್ಚಿದ ಮೇಲೆ ನಾನು ಆ ಕಡೆ ಹಾಯಲೇ ಇಲ್ಲ.

ಮಹಾನವಮಿ ಬಂತೆಂದರೆ ನಿನ್ನ ಜೋಡು ನಳಿಗೆಯ ಬಂದೂಕನ್ನು ತೆಗೆದುಕೊಂಡು ಇಳಕಲ್ಲಿನಿಂದ ಬಾಗಲಕೋಟೆಗೆ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಯಲ್ಲಿ ಅಜ್ಜನ ಬಂದೂಕಿನ ಮಗ್ಗುಲಿಗೆ ಅದರ ಜಾಗ. "ವೈನಿ, ಕುಂಕುಮ ನಳಿಗಿಯೊಳಗ ಬಿದ್ದೀತ್ರಿ, ಜಂಗ ಹಿಡಿತೈತಿ" ಎಂದು ನನ್ನ ಹೆಂಡತಿಯನ್ನು ಕಾಡುತ್ತಿದ್ದೆ. ನಿನ್ನ ನಂತರ ನಿನ್ನಾಕೆ, ನನ್ನ ಭಾಭಿ, ಅದನ್ನು ನನ್ನ ಲೈಸೆನ್ಸಿಗೇ ಹಾಕಿಸಿದರು. ಹೋದ ಮಹಾನವಮಿಗೆ ಅದು ಪೂಜೆಗೆ ಕೂತಿತ್ತು, ಕಾಡುವವನು ಮಾತ್ರ ಇರಲಿಲ್ಲ. ಇವಳು ಕುಂಕುಮ ಹಚ್ಚಲಾಗದೆ ಒಳಗೆ ಎದ್ದು ಹೋದಳು.

ಈ ಬೇಸಿಗೆಯಲ್ಲಿ ದೇಸಾಯರ ಫೋನು ಬಂತು. "ಕಣ್ಣು ಮಂಜಾಗ್ಯಾವ್ರಿ, ಬಂದೂಕಿಗೆ ಎಣ್ಣಿ ಹಚ್ಚಿ ಕಾಯೂದು ಆಗವಲ್ದು. ಇಬ್ರೂ ಬಂದು ಒಯ್ರಿ" ಅಂದರು. ಇಬ್ಬರೂ ಅಂತೆ! ನಿನ್ನ ಸುದ್ದಿ ಅವರಿಗೆ ನಾನೇ ಹೇಳಬೇಕಾಯಿತು.

ಲೈಸೆನ್ಸಿಗೆ ಎರಡೇ ಬಂದೂಕು ಎಂಬ ಕಾಯ್ದೆ ನಿನಗೆ ಗೊತ್ತಿದ್ದದ್ದೇ. ಅದು ಬರಬೇಕಾದರೆ ಒಂದು ಹೋಗಬೇಕು. ಅಜ್ಜನದೋ, ನಿನ್ನದೋ? ಅಜ್ಜನದೇ ಹೋಗಲಿ ಎಂದುಕೊಂಡು ಇಳಕಲ್ಲಿಗೆ ಹೋಗಿ ಭಾಭಿಗೆ ಹೇಳಿದೆ. ಸಿಟ್ಟಿಗೆದ್ದರು.

"ಪೂಜಿಗೆ ಕುಂಡ್ರೂ ಹಿರಿಯರ ಬಂದೂಕು ಹ್ಯಾಂಗ ಕೊಡ್ತೀರಿ? ಇವರದು ಕೊಡ್ರಿ. ಆ ಹುನಗುಂದದ್ದು ಬಂತಂದ್ರ ಇದನ್ನ ಕೊಟ್ಟು ಬಿಡ್ತೇನಿ ಅಂತ ಇವರs ನನ್ನ ಮುಂದ ಅಂದಿದ್ರು."

ಖರೆ ಹೇಳು, ಅಂದಿದ್ದೆಯಾ? ಇಲ್ಲಾ, ನನ್ನ ಸಂಕಟ ನೋಡಲಾರದೆ ಭಾಭಿಯೇ...

ಕೊಟ್ಟೆ ಮಾರಾಯ. ಬಂದೂಕಿನ ಅಂಗಡಿಯಲ್ಲಿ ಸಹಿ ಮಾಡಿ ನಿನ್ನದನ್ನೇ ಒಪ್ಪಿಸಿ ಬಂದೆ. ಈಗ ಬೆಲ್ಜಿಯಂದು ನನ್ನ ಕಪಾಟಿನಲ್ಲಿದೆ. ಹೆಗಲಿಗಿಟ್ಟರೆ ಎಷ್ಟು ಹಗುರ, ನಳಿಗೆ ತಾನಾಗಿಯೇ ಮೇಲೇಳುತ್ತದೆ. ಆದರೆ ಯಾರಿಗೆ ತೋರಿಸಲಿ? ಅದರ ಬೆಲೆ ಅರಿತವನು ನೀನೊಬ್ಬನೇ ಇದ್ದೆ. ಬಂದವರೆಲ್ಲ "ಒಂದs ನಳಿಗಿ ಏನ್ರಿ?" ಅನ್ನುತ್ತಾರೆ. ಕಪಾಟಿನ ಬಾಗಿಲು ಹಾಕಿಬಿಡುತ್ತೇನೆ.

ನಿನ್ನದನ್ನು ಬದಾಮಿಯ ಹತ್ತಿರ, ಮಹಾಕೂಟದ ದಾರಿಯ ರೈತನೊಬ್ಬ ಕೊಂಡ. ಗೋವಿನಜೋಳಕ್ಕೆ ಹಂದಿ ಬೀಳುತ್ತವೆ, ಓಡಿಸಲು ಬೇಕಂತೆ. ತಡೆಯಲಾಗದೆ ಮೊನ್ನೆ ಅವನ ಹೊಲಕ್ಕೆ ಹೋದೆ. ಹೊತ್ತು ಮುಳುಗುವ ಮುಂದೆ ಬೆಳೆ ಅಲುಗಿತು, ಅವನು ಮುಗಿಲಿಗೆ ಒಂದು ಹಾರಿಸಿದ. ಆ ಸದ್ದು ಕೇಳಿದ್ದೇ ತಡ, ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಹೊಗೆ ಕಣ್ಣಿಗೆ ಹೋಯಿತೆಂದುಕೊಂಡು ಪಾಪ ನೀರು ತಂದುಕೊಟ್ಟ.

"ಭಾಳ ಚಂದ ಇಟ್ಟಾರ್ರಿ ಇದನ್ನ. ಯಾರದಿತ್ರಿ?"

"ನನ್ನ ದೋಸ್ತಂದು."

"ಎಲ್ಲಿರ್ತಾರ್ರಿ?"

ಇಲ್ಲ ಅನ್ನಲು ಬಾಯಿ ಬರಲಿಲ್ಲ. "ಇಳಕಲ್ಲಿನಾಗ" ಅಂದೆ.

"ಸುಗ್ಗಿ ಮುಗದಮ್ಯಾಲ ಒಮ್ಮೆ ಕರ್ಕೊಂಡು ಬರ್ರಿ, ಇಲ್ಲೇ ಊಟ ಮಾಡೂಣು" ಅಂದ.

ಕರ್ಕೊಂಡು ಬರ್ತೇನಿ ಎಂದು ಮಾತು ಕೊಟ್ಟು ಬಂದಿದ್ದೇನೆ ದಸ್ತಗೀರ.

ನಿನ್ನ,
ಬಸು