ಏಳನೇ ಮನೆಯ ಬೀಗ

ಮನೆಯಿಂದ,
ಮಾರ್ಚ್ ೧೧, ಸೋಮವಾರ ಸಂಜೆ

ಪ್ರೀತಿಯ ಇವಳೇ,

ಅಕ್ಕನ ಮಂಡಿ ಹೇಗಿದೆ? ಆಪರೇಷನ್ ಆಗಿ ಹತ್ತು ದಿನವಾಯಿತು, ಇನ್ನು ಕೋಲು ಹಿಡಿಸಿ ನಡೆಸು. ಅಯ್ಯೋ ಪಾಪ ಎಂದು ಎಲ್ಲವನ್ನೂ ನೀನೇ ಮಾಡಿಕೊಟ್ಟರೆ ಅವರು ಏಳುವುದೇ ಇಲ್ಲ. ನಿನ್ನ ಬೆನ್ನುನೋವು? ನಾನು ಚೆನ್ನಾಗಿದ್ದೇನೆ. ಅಡುಗೆ ಒಂದು ಹದಕ್ಕೆ ಬಂದಿದೆ, ಉಪ್ಪು ಮಾತ್ರ ಇನ್ನೂ ನನ್ನ ಮಾತು ಕೇಳುತ್ತಿಲ್ಲ.

ಕಟ್ಟಡದ ಹೊಸ ಮಾಲೀಕರು ಮೇಲಿನ ಎರಡು ಮನೆಗಳನ್ನೂ ದಿನದ ಬಾಡಿಗೆಗೆ ಬಿಟ್ಟರು. ಹನ್ನೊಂದರಲ್ಲಿ ಏಳು ಹಾಗಾದವು. ನಮ್ಮ ಬಾಗಿಲ ಪಕ್ಕದ ಹಲಗೆಗೆ ನೆರೆಯವರು ತೂಗುಹಾಕುತ್ತಿದ್ದ ಕೀಲಿಕೈಗಳಲ್ಲಿ ಮೂರೇ ಉಳಿದಿವೆ. ಕೆಳಗಿನ ದಿನಸಿ ಅಂಗಡಿಯೂ ಮುಚ್ಚಿತು. ಎರಡು ದಿನಕ್ಕೆಂದು ಬಂದವರು ಐದು ಲೀಟರ್ ಎಣ್ಣೆ ಕೊಳ್ಳುತ್ತಾರೆಯೇ? ನಿನ್ನೆ ಒಬ್ಬಾಕೆ ಬೆಲ್ ಒತ್ತಿ, ಟವೆಲ್ ಸುತ್ತಿಕೊಂಡು ನಿಂತಿದ್ದ ನನಗೆ, ‘ಮ್ಯಾನೇಜರ್, ಬಿಸಿನೀರು ಬರ್ತಿಲ್ಲ’ ಅಂದಳು. ಹೋಗಿ ಸರಿಮಾಡಿ ಬಂದೆ. ನೀನು ನಗುತ್ತೀಯ, ಗೊತ್ತು. ಆದರೆ ಆ ಏಳೂ ಬಾಗಿಲಿಗೆ ನಂಬರ್ ಬೀಗ ಕೂರಿಸಿದವನು ನಾನೇ. ಕೆಲಸ ಬಂತು, ಮಾಡಿದೆ.

ಇವತ್ತು ಮಾಲೀಕರ ಏಜೆಂಟ್ ಇನ್ನೊಂದು ಪಟ್ಟಿ ತಂದ. ಎದುರಿನ ಕಟ್ಟಡಕ್ಕೆ ಇಪ್ಪತ್ತು ಬೀಗ, ಅದಕ್ಕೂ ಮೊದಲು ಇಲ್ಲಿ ಒಂದು. ‘ಮನೆ ನಂಬರ್ ಏಳು, ಖಾಲಿ’ ಎಂದು ಬರೆದಿತ್ತು. ‘ಟೈಲರಮ್ಮ ಇದ್ದಾರಲ್ಲ?’ ಅಂದೆ. ‘ಗುರುವಾರ ಕಣ್ಣಿನ ಆಸ್ಪತ್ರೆಗೆ ಹೋಗ್ತಾರಂತೆ ಮಾಸ್ಟರ್. ಅವರು ಮೆಟ್ಟಿಲು ಇಳಿದ ತಕ್ಷಣ ಹಾಕ್ಬಿಡಿ, ಸಾಮಾನು ನಾವು ಇಳಿಸ್ಕೋತೀವಿ’ ಅಂದ. ಅವರ ಕರಾರು ಮುಗಿಯಲು ಇನ್ನೂ ಎರಡು ವರ್ಷವಿದೆ. ಒಳಗಿನವರು ಬಾಗಿಲು ತೆಗೆಯದೆ ನಾನು ಬೀಗ ಮುಟ್ಟುವುದಿಲ್ಲ ಎಂದೆ. ಅವನು ನಕ್ಕ. ‘ಖಾಲಿ ಮನೇಲಿ ಯಾರ್ ಮಾಸ್ಟರ್ ತೆಗೀತಾರೆ? ನೀವಲ್ಲದಿದ್ರೆ ಇನ್ನೊಬ್ರು ಬರ್ತಾರೆ.’ ಪಟ್ಟಿ ವಾಪಸು ಕೊಟ್ಟೆ. ಇಪ್ಪತ್ತು ಬೀಗವೂ ಹೋಯಿತು, ನೀನು ಬೇಸರಪಡಬೇಡ.

ಟೈಲರಮ್ಮನಿಗೆ ಹೇಳಿದೆ. ‘ಈ ಬೀದಿಯವರ ಸೊಂಟದ ಅಳತೆಯೆಲ್ಲ ನನ್ನ ಹತ್ರ ಇದೆ, ನನ್ನನ್ನೇ ಓಡಿಸ್ತಾರಾ!’ ಎಂದು ರೇಗಿದರು. ಆಮೇಲೆ, ಆಸ್ಪತ್ರೆಗೆ ಹೋಗುವುದೇ ಬೇಡ ಅಂದರು. ನಾಲ್ಕು ತಿಂಗಳು ಕಾದು ಸಿಕ್ಕ ದಿನ ಅದು. ಹೋಗಲೇಬೇಕು ಎಂದು ಒಪ್ಪಿಸಿದ್ದೇನೆ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
‘ಇವರು’

ತಾ.ಕ.: ನಿನ್ನನ್ನು ಕೇಳದೆ ಒಂದು ತೀರ್ಮಾನ ಮಾಡಿದ್ದೇನೆ. ಗುರುವಾರ ಟೈಲರಮ್ಮ ಹೋಗಿ ಬರುವ ತನಕ ನಾನು ಅವರ ಮನೆಯೊಳಗೆ ಚಿಲಕ ಹಾಕಿಕೊಂಡು ಕೂರುತ್ತೇನೆ. ನೀನು ಅವತ್ತೇ ಬಂದರೆ ನೇರ ಅಲ್ಲಿಗೇ ಬಾ. ಬೆಲ್ ಒತ್ತಬೇಡ, ತೆಗೆಯುವುದಿಲ್ಲ. ಕೂಗು.